ಸ್ವಿಫ್ಟ್‌ಗೆ 15 ಇಂಚಿನ ಅಲಾಯ್ ಹಾಕಿಸಿ 47,000 ಕಿ.ಮೀ. ಆದ ಮೇಲೆ

ನನ್ನದು 2019ರ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್. ಬಂದಾಗ 14 ಇಂಚಿನ ಕಬ್ಬಿಣದ ಡಿಸ್ಕ್ ಇತ್ತು, ಟೈರ್ 165/80 ಆರ್14 (ಅಗಲ 165 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ. 80, ಡಿಸ್ಕ್ 14 ಇಂಚು). 2021ರ ಜನವರಿಯಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ 15 ಇಂಚಿನ ಅಲಾಯ್ ಮತ್ತು 185/65 ಆರ್15 ಟೈರ್ ಹಾಕಿಸಿದೆ. ಅಲಾಯ್ ಸೆಟ್‌ಗೆ 24,000, ಟೈರ್ ನಾಲ್ಕಕ್ಕೆ 21,000 ಆಯಿತು. ಇರುವುದು ಚಿಕ್ಕಮಗಳೂರಿನಲ್ಲಿ, ಹೆಂಡತಿಯ ತವರು ಉಜಿರೆ. ಹಾಗಾಗಿ ತಿಂಗಳಿಗೆ ಒಂದೆರಡು ಸಲ ಚಾರ್ಮಾಡಿ ಘಾಟಿ ಇಳಿದು ಹತ್ತುವುದು ಇದ್ದೇ ಇದೆ.

ಮೊದಲು ಸೈಜ್ ವಿಷಯ. ಅಂಗಡಿಯವರು 195/65 ಹಾಕಿಸಿ ಸಾರ್, ಗಾಡಿ ದಪ್ಪ ಕಾಣುತ್ತೆ ಅಂದರು. ನಾನು ಅಲ್ಲೇ ಮೊಬೈಲ್‌ನಲ್ಲಿ ಲೆಕ್ಕ ಹಾಕಿದೆ. 165ರ ಶೇ. 80 ಅಂದರೆ 132 ಮಿ.ಮೀ., ಮೇಲೆ ಕೆಳಗೆ ಸೇರಿ 264, ಅದಕ್ಕೆ 14 ಇಂಚಿನ 355.6 ಸೇರಿಸಿದರೆ ಚಕ್ರದ ಒಟ್ಟು ಎತ್ತರ ಸುಮಾರು 620. 185/65 ಆರ್15ಕ್ಕೆ ಅದೇ ಲೆಕ್ಕ ಹಾಕಿದರೆ 621.5. ಎರಡೂ ಹೆಚ್ಚುಕಡಿಮೆ ಒಂದೇ, ಅಲ್ವಾ? 195/65ಕ್ಕೆ 634 ದಾಟುತ್ತದೆ. ಆಗ ಸ್ಪೀಡೋಮೀಟರ್ ಲೆಕ್ಕ ತಪ್ಪುತ್ತದೆ, ಹಿಂದೆ ಮೂರು ಜನ ಕೂತು ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಟೈರ್ ಒಳಗೆ ತಗಲುವ ಭಯ ಬೇರೆ. ಇದೇ ಸ್ವಿಫ್ಟ್‌ನ ಮೇಲಿನ ವೇರಿಯಂಟ್ ಝಡ್‌ಎಕ್ಸ್‌ಐಗೆ ಕಂಪನಿಯವರೇ ಕೊಡುವುದು 185/65 ಆರ್15. ಇನ್ನೇನು ಬೇಕು, ಅದನ್ನೇ ಹಾಕಿ ಅಂದೆ.

ಟೈರ್ ತಂದಾಗ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿ ನೋಡಿ, ದಯವಿಟ್ಟು. ನನಗೆ ತಂದವುಗಳಲ್ಲಿ ಎರಡರ ಮೇಲೆ 4120, ಅಂದರೆ 2020ರ 41ನೇ ವಾರ. ಇನ್ನೆರಡರ ಮೇಲೆ 1218. ಸುಮಾರು ಮೂರು ವರ್ಷ ಗೋಡೌನ್‌ನಲ್ಲಿ ಕೂತ ಟೈರ್‌ಗೆ ಹೊಸದರ ಬೆಲೆ! ವಾಪಸ್ ಕಳಿಸಿದೆ, ಒಂದು ಗಂಟೆ ಕಾದೆ, ನಾಲ್ಕೂ 2020ರವು ಬಂದವು.

ಇಷ್ಟೆಲ್ಲ ನೋಡಿದವನು ಮುಖ್ಯವಾದ ಒಂದನ್ನು ನೋಡಲಿಲ್ಲ. ಪಿಸಿಡಿ (ನಟ್ ತೂತುಗಳು ಕೂರುವ ವೃತ್ತದ ಅಳತೆ) 4x100 ಸರಿ ಇದೆಯಾ, ನಾಲ್ಕು ತೂತು ಕೂರುತ್ತಾ ಅಂತ ಮಾತ್ರ ಕೇಳಿದೆ. ನಡುವಿನ ದೊಡ್ಡ ತೂತು ಕೇಳಲೇ ಇಲ್ಲ. ಸ್ವಿಫ್ಟ್‌ನ ಹಬ್, ಅಂದರೆ ಆ ತೂತಿನೊಳಗೆ ಕೂರುವ ಕಾರಿನ ಕಡೆಯ ಉಬ್ಬು ಭಾಗ, 54.1 ಮಿ.ಮೀ. ಹೊರಗಿನ ಅಲಾಯ್‌ಗಳನ್ನು ಹತ್ತಾರು ಕಾರಿಗೆ ಹೊಂದಲಿ ಅಂತ ಮಾಡಿರುತ್ತಾರೆ, ಹಾಗಾಗಿ ಆ ತೂತು ದೊಡ್ಡದು. ನನ್ನದು 73.1 ಇತ್ತು. ಚಕ್ರ ಹಬ್ ಮೇಲೆ ಕೂರುವ ಬದಲು ಬರೀ ನಟ್‌ಗಳ ಆಧಾರದಲ್ಲಿ ನಿಂತಿತ್ತು. ಪರಿಣಾಮ ಏನು ಅಂದರೆ ಹಾಸನ–ಬೆಂಗಳೂರು ಹೆದ್ದಾರಿಯಲ್ಲಿ 90 ದಾಟಿದ ಕೂಡಲೇ ಸ್ಟೀರಿಂಗ್ ನಡುಗುತ್ತಿತ್ತು. ಎರಡು ಸಲ ಬ್ಯಾಲೆನ್ಸಿಂಗ್, ಒಂದು ಸಲ ಅಲೈನ್‌ಮೆಂಟ್, ಸುಮ್ನೆ ದುಡ್ಡು ಹೋಯಿತು. ಕೊನೆಗೆ ನಮ್ಮೂರಿನ ಒಬ್ಬ ಹಳೇ ಮೆಕ್ಯಾನಿಕ್ ಚಕ್ರ ಬಿಚ್ಚಿ ಒಳಗೆ ಬೆರಳು ಹಾಕಿ, "ಇಲ್ಲಿ ರಿಂಗ್ ಎಲ್ಲಿ ಮಾರಾಯ್ರೇ?" ಅಂದರು. ಆ ಸಂದು ತುಂಬುವ ಹಬ್ ರಿಂಗ್ ನಾಲ್ಕು ತರಿಸಿ ಹಾಕಿದ ಮೇಲೆ ನಡುಕ ಮುಕ್ಕಾಲು ಪಾಲು ಹೋಯಿತು. ಕೆಲವು ನೂರು ರೂಪಾಯಿಯ ವಸ್ತು ಅದು.

ಎರಡನೇ ಪಾಠ 2022ರ ಜುಲೈನಲ್ಲಿ. ಕೊಟ್ಟಿಗೆಹಾರದ ಹತ್ತಿರ ಸಂಜೆ ನಾಲ್ಕು ಗಂಟೆಗೆ ಪಂಕ್ಚರ್. ಮಳೆ, ಮಂಜು, ಕಾರಿನಲ್ಲಿ ಅತ್ತೆ ಮತ್ತು ಮಗು. ಜಾಕ್ ಹಾಕಿದೆ, ಆದರೆ ಕಾರಿನ ಜೊತೆ ಬಂದ ಸ್ಪ್ಯಾನರ್ ಅಲಾಯ್‌ನ ನಟ್ ಗುಂಡಿಯೊಳಗೆ ಇಳಿಯಲೇ ಇಲ್ಲ, ಅದರ ಬಾಯಿ ದಪ್ಪ, ಗುಂಡಿ ಸಣ್ಣದು. ಕಡೆಗೆ ಒಬ್ಬ ಜೀಪ್ ಡ್ರೈವರ್ ತೆಳು ಸಾಕೆಟ್ ಕೊಟ್ಟು ಬಿಚ್ಚಿಸಿದರು, ಅವರ ಉಪಕಾರ ಮರೆಯುವುದಿಲ್ಲ. ಅಲಾಯ್ ಹಾಕಿಸಿದ ದಿನವೇ ನಿಮ್ಮ ಡಿಕ್ಕಿಯಲ್ಲಿರುವ ಸ್ಪ್ಯಾನರ್‌ನಿಂದ ನೀವೇ ಒಂದು ನಟ್ ಬಿಚ್ಚಿ ನೋಡಿ. ಹಳೇ ನಟ್‌ಗಳನ್ನೂ ಸ್ಟೆಪ್ನಿ ಜೊತೆ ಇಟ್ಟುಕೊಳ್ಳಿ. ಸ್ಟೆಪ್ನಿ ನನ್ನದು ಇವತ್ತಿಗೂ 14 ಇಂಚಿನದೇ, ಒಟ್ಟು ಎತ್ತರ ಒಂದೇ ಆದ್ದರಿಂದ ಪಂಕ್ಚರ್ ಅಂಗಡಿವರೆಗೆ ನಿಧಾನವಾಗಿ ಹೋಗಲು ತೊಂದರೆಯಿಲ್ಲ.

ಆಮೇಲೆ 2023ರ ಆಗಸ್ಟ್. ನೀರು ತುಂಬಿದ ಗುಂಡಿಗೆ ಮುಂದಿನ ಎಡ ಚಕ್ರ ಬಿತ್ತು. ಹೊರಗೆ ಏನೂ ಕಾಣಲಿಲ್ಲ, ಆದರೆ ನಾಲ್ಕು ದಿನಕ್ಕೊಮ್ಮೆ ಗಾಳಿ 33ರಿಂದ 24ಕ್ಕೆ ಇಳಿಯುತ್ತಿತ್ತು. ಸೋಪು ನೀರು ಹಚ್ಚಿದಾಗ ಡಿಸ್ಕ್‌ನ ಒಳಭಾಗದಲ್ಲಿ ಕೂದಲೆಳೆಯಷ್ಟು ಬಿರುಕು ಸಿಕ್ಕಿತು. ವೆಲ್ಡಿಂಗ್ ಮಾಡಿ ಕೊಡ್ತೀವಿ ಅಂದರು, ನಾನು ಒಪ್ಪಲಿಲ್ಲ. ಘಾಟಿ ಇಳಿಯುವ ಕಾರಿನ ಮುಂದಿನ ಚಕ್ರ ಅದು. ಒಂದೇ ಒಂದು ಹೊಸದು ಕೊಳ್ಳೋಣ ಅಂದರೆ ಆ ಡಿಸೈನ್ ಬರುವುದೇ ನಿಂತಿತ್ತು.

ಕೊನೆಗೆ ಝಡ್‌ಎಕ್ಸ್‌ಐನ ಕಂಪನಿ ಅಲಾಯ್ ಸೆಟ್ ಸೆಕೆಂಡ್ ಹ್ಯಾಂಡ್ ಕೊಂಡೆ, ಯಾರೋ 16 ಇಂಚು ಹಾಕಿಸಿಕೊಂಡು ಬಿಚ್ಚಿಟ್ಟಿದ್ದರು. ಬಾಗಿದೆಯಾ ಅಂತ ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ನಾಲ್ಕನ್ನೂ ತಿರುಗಿಸಿ ನೋಡಿಯೇ ದುಡ್ಡು ಕೊಟ್ಟೆ. ಅವೇ ಟೈರ್‌ಗಳನ್ನು ಇದಕ್ಕೆ ಹಾಕಿಸಿದೆ. ರಿಂಗ್ ಬೇಡ, ಕಾರಿನ ನಟ್ಟೇ ಸಾಕು, ಡಿಕ್ಕಿಯ ಸ್ಪ್ಯಾನರ್ರೇ ಸಾಕು. ಉಳಿದಿದ್ದ ಚೂರು ನಡುಕವೂ ಅವತ್ತೇ ನಿಂತಿತು. ಮೊದಲೇ ಇದನ್ನು ಹುಡುಕಬೇಕಿತ್ತು. ನಿಮ್ಮ ಕಾರಿನ ಮೇಲಿನ ವೇರಿಯಂಟ್‌ಗೆ ಅಲಾಯ್ ಬರುತ್ತದೆ ಅಂದರೆ ಮೊದಲು ಅದನ್ನೇ ಹುಡುಕಿ, ಉಳಿದ ದುಡ್ಡನ್ನು ಟೈರ್‌ಗೆ ಹಾಕಿ.

ಏಕೆಂದರೆ ನನಗೆ ನಿಜವಾಗಿ ವ್ಯತ್ಯಾಸ ಕೊಟ್ಟಿದ್ದು ಟೈರ್. ಒದ್ದೆ ರಸ್ತೆಯ ತಿರುವಿನಲ್ಲಿ 165 ಇದ್ದಾಗ ಕಾರು ಹೊರಗೆ ಜಾರಿದ ಹಾಗೆ ಅನ್ನಿಸುತ್ತಿತ್ತು, ಈಗ ಆ ಭಯ ಇಲ್ಲ. ಬ್ರೇಕ್ ಹಾಕಿದರೆ ನೇರವಾಗಿ ನಿಲ್ಲುತ್ತದೆ. ಕಳೆದುಕೊಂಡಿದ್ದೂ ಇದೆ. ಮೈಲೇಜ್ 20ರಿಂದ 19ಕ್ಕೆ ಬಂತು. ಪಾರ್ಕಿಂಗ್‌ನಲ್ಲಿ ಸ್ಟೀರಿಂಗ್ ಸ್ವಲ್ಪ ಬಿಗಿ. ಟೈರ್‌ನ ಪಕ್ಕೆ 132ರಿಂದ 120 ಮಿ.ಮೀ.ಗೆ ಇಳಿದದ್ದರಿಂದ ಸಣ್ಣ ಹಳ್ಳಗಳು ಮೊದಲಿಗಿಂತ ಜಾಸ್ತಿ ಗೊತ್ತಾಗುತ್ತವೆ. ಅಲಾಯ್ ಹಗುರ ಅನ್ನುವ ಮಾತನ್ನೂ ಪೂರ್ತಿ ನಂಬಬೇಡಿ. ದಿನಸಿ ಅಂಗಡಿಯ ತಕ್ಕಡಿ ಮೇಲೆ ಇಟ್ಟು ನೋಡಿದ್ದೆ. ಟೈರ್ ಸಮೇತ ಹಳೇ ಕಬ್ಬಿಣದ ಚಕ್ರ 14 ಕಿಲೋ, ಮೊದಲು ಕೊಂಡ ಅಲಾಯ್ ಚಕ್ರ 16ರ ಹತ್ತಿರ ಇತ್ತು.

ಸಣ್ಣಪುಟ್ಟದ್ದು ಇನ್ನೆರಡು. ಬ್ಯಾಲೆನ್ಸಿಂಗ್‌ಗೆ ಅಂಟಿಸುವ ತೂಕವನ್ನೇ ಕೇಳಿ, ಹೊಡೆದು ಕೂರಿಸುವುದು ಅಂಚು ಕೆಡಿಸುತ್ತದೆ. ಚಕ್ರ ಹಾಕಿದ ಮೇಲೆ 50–100 ಕಿ.ಮೀ. ಓಡಿಸಿ ನಟ್‌ಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚ್‌ನಲ್ಲಿ (ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್) ನೋಡಿಸಿ, ನಟ್ ಬಿಗಿಸುವ ಗನ್‌ನಿಂದ ಜೋರಾಗಿ ಬಿಗಿಸಲು ಬಿಡಬೇಡಿ. ವಿಮೆ ಕಂಪನಿಗೂ ಅಲಾಯ್ ಬಿಲ್ ಕೊಟ್ಟು ಪಾಲಿಸಿಯಲ್ಲಿ ಸೇರಿಸಿಕೊಳ್ಳಿ.

ಮೊದಲ ಟೈರ್ ಸೆಟ್ 44,000 ಕಿ.ಮೀ. ಬಂತು. ಇನ್ನೂ 2.5 ಮಿ.ಮೀ. ಗ್ರಿಪ್ ಇತ್ತು, ಕಾನೂನು ಪ್ರಕಾರ 1.6ರವರೆಗೆ ಓಡಿಸಬಹುದಿತ್ತು. ಆದರೆ ಮಳೆಗಾಲ ಶುರುವಾಗುವುದಿತ್ತು. ಮೇ ತಿಂಗಳಲ್ಲೇ ಬದಲಾಯಿಸಿ, ಅದೇ ಸೈಜ್‌ನ ಹೊಸ ಸೆಟ್ ಹಾಕಿಸಿಕೊಂಡು ಉಜಿರೆಗೆ ಹೋಗಿ ಬಂದೆ.