ಬ್ಲೂಮಿಂಗ್ಟನ್‌ನ ಕೌನ್ಸಿಲ್‌ಮನ್-ಬಿಲ್ಲಿಂಗ್ಸ್ಲಿ ಈಜುಕೊಳ: ಇಲ್ಲಿ ಒಂದು ಮೀಟ್ (ಈಜು ಸ್ಪರ್ಧೆ) ನೋಡಲೇಬೇಕು

ಮೊದಲೇ ಹೇಳಿಬಿಡುತ್ತೇನೆ. ಇಂಡಿಯಾನಾ ಯೂನಿವರ್ಸಿಟಿಯ ಈ ಈಜುಕೊಳಕ್ಕೆ ನನ್ನ ಲೆಕ್ಕದಲ್ಲಿ 5ಕ್ಕೆ 5. ಇದಕ್ಕಿಂತ ಹೊಸದಾದ, ದೊಡ್ಡದಾದ ಕೊಳಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಕಟ್ಟಡ ನೋಡಿ ನಾನು ಅಂಕ ಕೊಡುತ್ತಿಲ್ಲ. ಒಬ್ಬ ಕಾಲೇಜು ಕೋಚ್ ಏನೂ ಇಲ್ಲದ ಕಡೆ ಒಂದು ತಂಡವನ್ನು ಹೇಗೆ ಕಟ್ಟುತ್ತಾರೆ, ಅವರು ಹೋದಮೇಲೂ ಅದು ಹೇಗೆ ಉಳಿಯುತ್ತದೆ ಅನ್ನುವುದನ್ನು ಕಣ್ಣಾರೆ ನೋಡಬೇಕು ಅಂದರೆ ಇಲ್ಲಿಗೆ ಬನ್ನಿ. ಇಂಡಿಯಾನಾಪೊಲಿಸ್, ಶಿಕಾಗೊ ಕಡೆ ಇರುವ ಕನ್ನಡದವರು, ಮಕ್ಕಳನ್ನು ಈಜಿಗೆ ಸೇರಿಸಿರುವವರು ಅಥವಾ ಸೇರಿಸಬೇಕು ಅಂತಿರುವವರು, ಒಂದು ಚಳಿಗಾಲದ ಶನಿವಾರ ಬಿಡುವು ಮಾಡಿಕೊಂಡು ಹೋಗಬಹುದಾದ ಜಾಗ.

ಇಂಡಿಯಾನಾಪೊಲಿಸ್‌ನಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್. ಕ್ಯಾಂಪಸ್ಸಿನೊಳಗೆ, ವಿದ್ಯಾರ್ಥಿಗಳು ಜಿಮ್‌ಗೆ, ಆಟಕ್ಕೆ ಬರುವ ಕಟ್ಟಡದಲ್ಲೇ ಇದೆ. 50 ಮೀಟರ್‌ನ ಈಜುಕೊಳ ಒಂದು, ಡೈವಿಂಗ್‌ಗೆ ಬೇರೆ ಕೊಳ, ಅದರ ಮೇಲೆ 10 ಮೀಟರ್ ಎತ್ತರದ ಪ್ಲಾಟ್‌ಫಾರ್ಮ್. ಟಿವಿಯಲ್ಲಿ ಆ ಎತ್ತರ ಗೊತ್ತಾಗುವುದೇ ಇಲ್ಲ. ಕೆಳಗೆ ನಿಂತು ತಲೆಯೆತ್ತಿ ನೋಡಿದಾಗ ಎದೆ ಝಲ್ಲೆನ್ನುತ್ತದೆ.

ಹೊಸಬರಿಗೆ ಒಂದು ಮಾತು. ಇಲ್ಲಿನ ಕಾಲೇಜು ಸ್ಪರ್ಧೆ ನಡೆಯುವುದು ಮೀಟರ್‌ನಲ್ಲಲ್ಲ, ಗಜದಲ್ಲಿ. ಒಂದು ಉದ್ದ ಅಂದರೆ 25 ಗಜ, ಅಂದರೆ 22.86 ಮೀಟರ್. ಆದ್ದರಿಂದ ಬೋರ್ಡಿನ ಮೇಲೆ ಕಾಣುವ ಸಮಯವನ್ನು ಒಲಿಂಪಿಕ್ಸ್ ಸಮಯದ ಜೊತೆ ಹೋಲಿಸಬೇಡಿ. ಸುಮ್ನೆ ಗೊಂದಲವಾಗುತ್ತದೆ.

ಇನ್ನು ಆ ಎರಡು ಹೆಸರುಗಳ ವಿಚಾರ. ಅಮೆರಿಕದ ಕಾಲೇಜುಗಳಲ್ಲಿ ಈಜು ಮತ್ತು ಡೈವಿಂಗ್ ಎರಡೂ ಸೇರಿ ಒಂದೇ ತಂಡ. ಬೋರ್ಡಿನಿಂದ ಹಾರಿದವನ ಅಂಕ, ಬಟರ್‌ಫ್ಲೈ ಈಜಿದವನ ಅಂಕ, ಎಲ್ಲವೂ ಒಂದೇ ಲೆಕ್ಕಕ್ಕೆ ಬೀಳುತ್ತದೆ. ಆದರೂ ಹೆಸರು, ಚಪ್ಪಾಳೆ ಎಲ್ಲ ಈಜುಗಾರರಿಗೇ ಜಾಸ್ತಿ, ಡೈವಿಂಗ್ ಸ್ವಲ್ಪ ಹಿಂದೆಯೇ ಉಳಿಯುತ್ತದೆ. ಇಲ್ಲಿ ಹಾಗಾಗಲಿಲ್ಲ. 1957ರಲ್ಲಿ ಜೇಮ್ಸ್ ಕೌನ್ಸಿಲ್‌ಮನ್ ಈಜು ಕೋಚ್ ಆಗಿ ಬಂದರು, 1959ರಲ್ಲಿ ಹೋಬಿ ಬಿಲ್ಲಿಂಗ್ಸ್ಲಿ ಡೈವಿಂಗ್ ಕೋಚ್ ಆಗಿ ಬಂದರು. ಇಬ್ಬರೂ ಸುಮಾರು ಮೂವತ್ತು ವರ್ಷ ಒಂದೇ ಕಡೆ, ಒಟ್ಟಿಗೆ ಕೆಲಸ ಮಾಡಿದರು. 90ರ ದಶಕದಲ್ಲಿ ಹೊಸ ಕೊಳ ಕಟ್ಟಿದಾಗ ಇಬ್ಬರ ಹೆಸರನ್ನೂ ಇಟ್ಟರು. ಈ ಒಂದು ವಿಷಯಕ್ಕೇ ನನಗೆ ಈ ಜಾಗದ ಮೇಲೆ ಗೌರವ.

ಕೌನ್ಸಿಲ್‌ಮನ್ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಡಾಕ್’ ಅಂತ. ಹುಟ್ಟಿದ್ದು 1920ರಲ್ಲಿ, ಬೆಳೆದದ್ದು ಸೇಂಟ್ ಲೂಯಿಸ್‌ನಲ್ಲಿ. ಚಿಕ್ಕ ಹುಡುಗನಾಗಿದ್ದಾಗ ನೀರಲ್ಲಿ ಮುಳುಗಿ ಹೋಗುವುದರಲ್ಲಿದ್ದರು. ಎರಡನೇ ಮಹಾಯುದ್ಧದಲ್ಲಿ ಬಿ-24 ಬಾಂಬರ್ ವಿಮಾನದ ಪೈಲಟ್. ಆಮೇಲೆ ಓದು ಮುಂದುವರಿಸಿ ಅಯೋವಾದಲ್ಲಿ ಡಾಕ್ಟರೇಟ್ ಮಾಡಿದರು. ನ್ಯೂಯಾರ್ಕ್ ರಾಜ್ಯದ ಕಾರ್ಟ್‌ಲ್ಯಾಂಡ್ ಅನ್ನುವ ಸಣ್ಣ ಊರಿನ ಕಾಲೇಜಿನಲ್ಲಿ ಕೋಚ್ ಆಗಿದ್ದು, ಅಲ್ಲಿಂದ ಬ್ಲೂಮಿಂಗ್ಟನ್‌ಗೆ ಬಂದರು.

ಅವರ ದೊಡ್ಡ ಗುಣ ಅಂದರೆ ನೋಡುವುದು. ಕೊಳದ ಅಂಚಿನಲ್ಲಿ ನಿಂತು ಕೂಗುವುದಕ್ಕಿಂತ ಮೊದಲು ನೀರಿನೊಳಗೆ ಏನಾಗುತ್ತಿದೆ ಅಂತ ತಿಳಿಯಬೇಕು ಅನ್ನುವುದು ಅವರ ಹಟ. ನೀರಿನೊಳಗೆ ಕ್ಯಾಮೆರಾ ಇಟ್ಟು ಈಜುಗಾರರ ಕೈಯ ದಾರಿಯನ್ನು ಚಿತ್ರೀಕರಿಸಿದರು. ಅಲ್ಲಿಯವರೆಗೆ ಕೋಚ್‌ಗಳು ಕೈಯನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ ಅಂತಿದ್ದರು. ಚಿತ್ರದಲ್ಲಿ ನೋಡಿದರೆ ಒಳ್ಳೆಯ ಈಜುಗಾರರ ಕೈ ಬಳಸಿಕೊಂಡು, ಅಂಕುಡೊಂಕಾಗಿ ಹೋಗುತ್ತಿತ್ತು! ವಿಮಾನದ ರೆಕ್ಕೆಯನ್ನು ಗಾಳಿ ಮೇಲೆತ್ತುವ ಹಾಗೆ ನೀರೂ ಕೈಗೆ ಬಲ ಕೊಡುತ್ತದೆ ಅಂತ ಬರ್ನೂಲಿ ತತ್ವದಿಂದ ವಿವರಿಸಿದರು. ಆ ವಿವರಣೆ ಪೂರ್ತಿ ನಿಲ್ಲಲಿಲ್ಲ. ಮುಂದೆ ಬಂದ ಸಂಶೋಧಕರು ಕೈ ನೀರನ್ನು ಹಿಂದಕ್ಕೆ ತಳ್ಳುವುದರಿಂದಲೇ ಹೆಚ್ಚಿನ ಬಲ ಸಿಗುತ್ತದೆ ಅಂತ ತೋರಿಸಿದರು. ಆದರೆ ಈಜುವವರನ್ನು ಕೆಳಗಿನಿಂದ ನೋಡಿ ಕಲಿಸಬೇಕು ಅನ್ನುವುದು ಮಾತ್ರ ಉಳಿಯಿತು. ಇವತ್ತು ನೀರಿನೊಳಗಿನ ವಿಡಿಯೋ ಇಲ್ಲದ ದೊಡ್ಡ ತಂಡವೇ ಇಲ್ಲ, ಅಲ್ವಾ? 

ಈ ನೋಟ ಹೇಗೆ ಫಲ ಕೊಟ್ಟಿತು ಅನ್ನುವುದಕ್ಕೆ ಚೆಟ್ ಯಾಸ್ಟ್ರೆಮ್ಸ್ಕಿ ಸಾಕ್ಷಿ. ಬ್ರೆಸ್ಟ್‌ಸ್ಟ್ರೋಕ್, ಅಂದರೆ ಕಪ್ಪೆಯ ಹಾಗೆ ಕಾಲು ಒದ್ದು ಈಜುವ ಬಗೆಯ ಈಜುಗಾರ. ಆಗೆಲ್ಲ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಾಲನ್ನು ತುಂಬ ಅಗಲಕ್ಕೆ ಚಾಚಿ ಒದೆಯುತ್ತಿದ್ದರು. ಅಷ್ಟು ಅಗಲ ಹೋದರೆ ನೀರು ತಡೆಯುತ್ತದೆ, ವೇಗ ಕಡಿಮೆಯಾಗುತ್ತದೆ. ಡಾಕ್ ಆ ಒದೆತವನ್ನು ಕಿರಿದು ಮಾಡಿಸಿದರು. ಮಂಡಿ ಹತ್ತಿರ ಇಟ್ಟುಕೊಂಡು ಚಾಟಿ ಬೀಸಿದ ಹಾಗೆ ಒದೆಯುವುದು. 1961ರ ಒಂದೇ ವರ್ಷದಲ್ಲಿ ಯಾಸ್ಟ್ರೆಮ್ಸ್ಕಿ 100 ಮೀಟರ್ ವಿಶ್ವದಾಖಲೆಯನ್ನು ಮತ್ತೆ ಮತ್ತೆ ಮುರಿದು 1 ನಿಮಿಷ 7.5 ಸೆಕೆಂಡಿಗೆ ತಂದು ನಿಲ್ಲಿಸಿದರು. ಆಮೇಲೆ ಅವರೇ ವೈದ್ಯರಾದರು.

ಇದನ್ನು ಇಷ್ಟು ಉದ್ದ ಬರೆಯುವುದಕ್ಕೆ ಕಾರಣ ಇದೆ. ನಮ್ಮ ಊರ ಕಡೆ ಒಂದು ಈಜು ತರಬೇತಿಗೆ ನಮ್ಮ ಅಣ್ಣನ ಮಗನನ್ನು ಕರೆದುಕೊಂಡು ಹೋಗುತ್ತಿದ್ದೆ. ಇಡೀ ಬ್ಯಾಚಿಗೆ ಒಂದೇ ಪಾಠ. ಉದ್ದ ಕಾಲಿನ ಹುಡುಗನಿಗೂ ಅದೇ, ಗಿಡ್ಡ ಹುಡುಗಿಗೂ ಅದೇ, ಹೆದರುವ ಮಗುವಿಗೂ ಅದೇ. ತಪ್ಪಾದರೆ ಇನ್ನೊಂದು ಸಲ ಹೋಗು ಅಂತ ಕೂಗು. ತಪ್ಪು ಎಲ್ಲಿ ಅಂತ ಯಾರೂ ನೋಡುತ್ತಿರಲಿಲ್ಲ. ಆ ಮಗು ಕೊನೆಗೆ ನೀರನ್ನೇ ಬಿಟ್ಟುಬಿಟ್ಟಿತು. ಡಾಕ್ ಕೆಲಸ ಮಾಡಿಸುವುದರಲ್ಲಿ ಸಡಿಲ ಕೊಡುವವರಲ್ಲ, ಅವರ ಅಭ್ಯಾಸ ಕಠಿಣವಾಗಿಯೇ ಇರುತ್ತಿತ್ತು. ಆದರೆ ಪ್ರತಿಯೊಬ್ಬರ ದೇಹ ಬೇರೆ, ಮನಸ್ಸು ಬೇರೆ ಅಂತ ತಿಳಿದು ಕಲಿಸುತ್ತಿದ್ದರು. ಚೆನ್ನಾಗಿ ಈಜಿದವರಿಗೆ ಬಹುಮಾನವಾಗಿ ಜೆಲ್ಲಿ ಬೀನ್ ಮಿಠಾಯಿ ಕೊಡುತ್ತಿದ್ದರು. ವಿಶ್ವದಾಖಲೆ ಮಾಡುವ ಹುಡುಗರು ಒಂದು ಮಿಠಾಯಿ ಪೊಟ್ಟಣಕ್ಕೆ ಜೀವ ಬಿಟ್ಟು ಈಜುತ್ತಿದ್ದರು ಅಂದರೆ ಆ ಕೊಳದ ವಾತಾವರಣ ಹೇಗಿದ್ದಿರಬಹುದು!

ಈಗ ನೋವಿನ ಭಾಗ. 1960ರಲ್ಲಿ ಈ ಯೂನಿವರ್ಸಿಟಿಯ ಫುಟ್‌ಬಾಲ್ ವಿಭಾಗ ಆಟಗಾರರನ್ನು ಸೇರಿಸಿಕೊಳ್ಳುವಾಗ ನಿಯಮ ಮುರಿದಿತ್ತು. ಶಿಕ್ಷೆ ಬಿದ್ದದ್ದು ಎಲ್ಲ ಆಟಗಳಿಗೂ. ನಾಲ್ಕು ವರ್ಷ ಈಜು ತಂಡ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಶಿಪ್‌ಗೆ ಹೋಗುವ ಹಾಗಿಲ್ಲ. ಯಾಸ್ಟ್ರೆಮ್ಸ್ಕಿಯಂಥವರು ತಂಡದಲ್ಲಿದ್ದ ವರ್ಷಗಳು ಅವು! ಯಾರೋ ಮಾಡಿದ ತಪ್ಪಿಗೆ ಈಜುವ ಹುಡುಗರು ತೆತ್ತರು. ನನಗೆ ಇದನ್ನು ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಡಾಕ್ ತಂಡ ಬಿಟ್ಟು ಹೋಗಲಿಲ್ಲ. ಕಾಲೇಜುಗಳ ಆಚೆಗಿನ ರಾಷ್ಟ್ರೀಯ ಸ್ಪರ್ಧೆಗಳಿಗೆ ಹುಡುಗರನ್ನು ಕರೆದುಕೊಂಡು ಹೋದರು, ತಮ್ಮ ವಲಯದ ಬಿಗ್ ಟೆನ್ ಪ್ರಶಸ್ತಿಯನ್ನು 1961ರಿಂದ 1980ರವರೆಗೆ ಒಂದು ವರ್ಷವೂ ಬಿಡದೆ, ಸತತವಾಗಿ 20 ಸಲ ಗೆದ್ದರು.

ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಮೊದಲ ಸಲ ಬಂದದ್ದು 1968ರಲ್ಲಿ. ಅಂದರೆ ಅವರು ಕೆಲಸಕ್ಕೆ ಸೇರಿ 11 ವರ್ಷ ಆದಮೇಲೆ. ಮಗು ಮೂರು ತಿಂಗಳಲ್ಲಿ ಮೆಡಲ್ ತರಬೇಕು ಅನ್ನುವ ಅಪ್ಪ ಅಮ್ಮಂದಿರು ಈ ಸಂಖ್ಯೆಯನ್ನು ಒಂದು ನಿಮಿಷ ನೋಡಬೇಕು. ಒಮ್ಮೆ ಬಂದಮೇಲೆ 1973ರವರೆಗೆ ಆರು ವರ್ಷ ಸತತವಾಗಿ ಬಂತು. ಆ ನಡುವೆ ಸೇರಿದವರು ಮಾರ್ಕ್ ಸ್ಪಿಟ್ಜ್. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಆರು ಚಿನ್ನ ಗೆಲ್ಲುತ್ತೇನೆ ಅಂತ ಹೇಳಿಕೊಂಡು, ರಿಲೇಯಲ್ಲಿ ಎರಡು ಮಾತ್ರ ಗೆದ್ದು, ಮನಸ್ಸು ಮುರಿದುಕೊಂಡಿದ್ದ ಹುಡುಗ. ಬ್ಲೂಮಿಂಗ್ಟನ್‌ನಲ್ಲಿ ಡಾಕ್ ಕೈಕೆಳಗೆ ಬೆಳೆದು, 1972ರಲ್ಲಿ ಮ್ಯೂನಿಕ್‌ನಲ್ಲಿ ಏಳು ಚಿನ್ನ, ಏಳೂ ವಿಶ್ವದಾಖಲೆಯೊಂದಿಗೆ. ಲೋಕಕ್ಕೆ ಗೊತ್ತಿರುವುದು ಆ ಏಳು. ಅದರ ಹಿಂದಿನ ಬ್ಲೂಮಿಂಗ್ಟನ್ ವರ್ಷಗಳು ಎಷ್ಟು ಜನಕ್ಕೆ ಗೊತ್ತು?

1976ರಲ್ಲಿ ಮಾಂಟ್ರಿಯಲ್‌ಗೆ ಅಮೆರಿಕದ ಗಂಡಸರ ತಂಡದ ಮುಖ್ಯ ಕೋಚ್ ಇವರೇ. 13 ಸ್ಪರ್ಧೆಗಳಲ್ಲಿ 12 ಚಿನ್ನ. ತಪ್ಪಿದ ಒಂದು 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್, ಅದು ಬ್ರಿಟನ್ನಿನ ಡೇವಿಡ್ ವಿಲ್ಕಿಗೆ ಹೋಯಿತು. 100 ಮೀಟರ್ ಫ್ರೀಸ್ಟೈಲ್ ಅನ್ನು 50 ಸೆಕೆಂಡಿನೊಳಗೆ ಈಜಿದ ಮೊದಲ ಮನುಷ್ಯ ಜಿಮ್ ಮಾಂಟ್ಗೊಮೆರಿ, 49.99, ಅಲ್ಲೇ, ಅವರೂ ಇಂಡಿಯಾನಾ ಯೂನಿವರ್ಸಿಟಿ ತಂಡದವರೇ. ಮೂರು ವರ್ಷದ ಮೇಲೆ, 1979ರಲ್ಲಿ, ಡಾಕ್ ತಾವೇ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಇಂಗ್ಲಿಷ್ ಕಡಲ್ಗಾಲುವೆಗೆ ಇಳಿದರು. ವಯಸ್ಸು 58. ಹದಿಮೂರು ಗಂಟೆ ಚಿಲ್ಲರೆ ಈಜಿ ದಾಟಿದರು, ಅಲ್ಲಿಯವರೆಗೆ ಅದನ್ನು ದಾಟಿದವರಲ್ಲಿ ಅತಿ ಹಿರಿಯರು. 1990ರಲ್ಲಿ ನಿವೃತ್ತಿ. ಪಾರ್ಕಿನ್ಸನ್ ಕಾಯಿಲೆ ಬಂದು, 2004ರಲ್ಲಿ ಬ್ಲೂಮಿಂಗ್ಟನ್‌ನಲ್ಲೇ ತೀರಿಕೊಂಡರು.

ಒಂದು ಕೊರತೆ ಹೇಳಲೇಬೇಕು. ಆ ಚಿನ್ನದ ಕಾಲದ ಕಾಲೇಜು ಪ್ರಶಸ್ತಿಗಳೆಲ್ಲ ಗಂಡುಹುಡುಗರವು. ಆ ಪ್ರಶಸ್ತಿಗಳನ್ನು ಕೊಡುತ್ತಿದ್ದ ಸ್ಪರ್ಧೆಯಲ್ಲಿ ಹೆಣ್ಣುಮಕ್ಕಳಿಗೆ ಆಗ ಜಾಗವೇ ಇರಲಿಲ್ಲ. ಈ ವಿಷಯದಲ್ಲಿ ಡೈವಿಂಗ್ ಕಡೆ ಬಾಗಿಲು ಬೇಗ ತೆರೆದಿತ್ತು. ಬಿಲ್ಲಿಂಗ್ಸ್ಲಿ ಹತ್ತಿರ ಕಲಿತ ಲೆಸ್ಲಿ ಬುಷ್ 1964ರಲ್ಲಿ ಟೋಕಿಯೋದಲ್ಲಿ, 17ನೇ ವಯಸ್ಸಿಗೆ, 10 ಮೀಟರ್ ಪ್ಲಾಟ್‌ಫಾರ್ಮ್ ಚಿನ್ನ ಗೆದ್ದಳು. ಅದೇ ಒಲಿಂಪಿಕ್ಸ್‌ನಲ್ಲಿ ಅವರ ಇನ್ನೊಬ್ಬ ಶಿಷ್ಯ ಕೆನ್ ಸಿಟ್ಸ್‌ಬರ್ಗರ್‌ಗೆ ಸ್ಪ್ರಿಂಗ್‌ಬೋರ್ಡ್ ಚಿನ್ನ. 1976ರಲ್ಲಿ ಸಿಂಥಿಯಾ ಪಾಟರ್‌ಗೆ ಕಂಚು. 1992ರಲ್ಲಿ ಬಾರ್ಸಿಲೋನಾದಲ್ಲಿ ಚಿನ್ನ ಗೆದ್ದ ಮಾರ್ಕ್ ಲೆಂಜಿ ಕೂಡ ಇಂಡಿಯಾನಾದಲ್ಲಿ ಇವರ ಕೈಯಲ್ಲಿ ಪಳಗಿದವರು, ಅದಕ್ಕೂ ಮೊದಲು ಕುಸ್ತಿ ಆಡುತ್ತಿದ್ದವರು.

ಬಿಲ್ಲಿಂಗ್ಸ್ಲಿ ಡೈವಿಂಗನ್ನು ಭೌತಶಾಸ್ತ್ರದಿಂದ ಕಲಿಸಿದವರು. ಪಲ್ಟಿ ಹೇಗೆ ಶುರುವಾಗುತ್ತದೆ, ತಿರುಚು ಎಲ್ಲಿಂದ ಬರುತ್ತದೆ, ಮೈ ಮಡಚಿದರೆ ಯಾಕೆ ಬೇಗ ತಿರುಗುತ್ತದೆ, ಇದಕ್ಕೆಲ್ಲ ನ್ಯೂಟನ್ ನಿಯಮಗಳೇ ಆಧಾರ. ಧೈರ್ಯ ಮಾಡಿ ಹಾರು ಅಂತ ಬೆನ್ನು ತಟ್ಟುವುದು ಸುಲಭ. ಏನಾಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಧೈರ್ಯ ತಾನಾಗಿ ಬರುತ್ತದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಎಲ್ಲ ತೀರ್ಪುಗಾರರ ಪರವಾಗಿ ಪ್ರಮಾಣ ಮಾಡಿದವರು ಇವರೇ. 2022ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಇದೆಲ್ಲ ಹಳೆಯ ಕಥೆ, ಈಗ ಏನಿದೆ ಅಂತ ಕೇಳಬಹುದು. 2002ರಿಂದ ರೇ ಲೂಜ್ ಈಜು ಕೋಚ್. ಅವರ ಕೈಯಲ್ಲಿ ಬೆಳೆದ ಲಿಲ್ಲಿ ಕಿಂಗ್, ಇದೇ ಇಂಡಿಯಾನಾ ರಾಜ್ಯದ ಇವಾನ್ಸ್‌ವಿಲ್‌ನ ಹುಡುಗಿ, 2016ರಲ್ಲಿ ರಿಯೋದಲ್ಲಿ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಚಿನ್ನ ಗೆದ್ದಳು. ಕಾಲೇಜಿನ ನಾಲ್ಕೂ ವರ್ಷ 100 ಗಜ, 200 ಗಜ ಬ್ರೆಸ್ಟ್‌ಸ್ಟ್ರೋಕ್ ಎರಡನ್ನೂ ಗೆದ್ದಳು. 2017ರಲ್ಲಿ ವಿಶ್ವದಾಖಲೆ ಮಾಡಿದಾಗ ಅವಳ ಸಮಯ 1 ನಿಮಿಷ 4.13 ಸೆಕೆಂಡ್. ಮೇಲೆ ಬರೆದ ಯಾಸ್ಟ್ರೆಮ್ಸ್ಕಿಯ 1961ರ ಸಮಯ ನೋಡಿ. ಒಂದೇ ಕ್ಯಾಂಪಸ್ಸು, ಒಂದೇ ಸ್ಟ್ರೋಕು, ಅಂದಿನ ಗಂಡಸರ ವಿಶ್ವದಾಖಲೆಗಿಂತ ಮೂರು ಸೆಕೆಂಡಿಗೂ ಜಾಸ್ತಿ ಮುಂದೆ ಒಬ್ಬ ಹುಡುಗಿ. ರಿಯೋದಲ್ಲಿ ಗಂಡಸರ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಕಂಚು ಗೆದ್ದ ಕೋಡಿ ಮಿಲ್ಲರ್ ಕೂಡ ಇಲ್ಲಿಯವರೇ. ಇದನ್ನೇ ನಾನು ತಂಡ ಉಳಿಯುವುದು ಅಂದದ್ದು.

ಹೋಗುವವರಿಗೆ ಒಂದಿಷ್ಟು. ದೊಡ್ಡ ಚಾಂಪಿಯನ್‌ಶಿಪ್‌ಗಿಂತ ಎರಡು ಕಾಲೇಜುಗಳ ನಡುವಿನ ಡ್ಯುಯಲ್ ಮೀಟ್‌ಗೆ ಹೋಗಿ. ಅದು ಬೇಗ ಬೇಗ ಸಾಗುತ್ತದೆ, ಮಕ್ಕಳಿಗೆ ಬೇಜಾರಾಗುವುದಿಲ್ಲ, ಅಂಕದ ಲೆಕ್ಕವೂ ಸುಲಭ. ಸೀಸನ್ ಅಕ್ಟೋಬರ್ ಹೊತ್ತಿಗೆ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ. ಹೊರಗೆ ಹಿಮ ಇದ್ದರೂ ಒಳಗೆ ಸೆಕೆ, ಕ್ಲೋರಿನ್ ವಾಸನೆ, ಆದ್ದರಿಂದ ದಪ್ಪ ಜಾಕೆಟ್ ಒಳಗೆ ತೆಳು ಅಂಗಿ ಹಾಕಿಕೊಳ್ಳಿ. ಡೈವಿಂಗ್ ಶುರುವಾದಾಗ ಜನ ಎದ್ದು ತಿಂಡಿಗೆ ಹೋಗುತ್ತಾರೆ. ದಯವಿಟ್ಟು ನೀವು ಹೋಗಬೇಡಿ. ಡೈವಿಂಗ್ ಕೊಳಕ್ಕೆ ಹತ್ತಿರದ ಸೀಟು ಹಿಡಿದು ಕೂತು, ನೀರಿಗೆ ಬೀಳುವ ಸದ್ದು ಕೇಳಿ. ಒಳ್ಳೆಯ ಡೈವ್ ಬಟ್ಟೆ ಹರಿದ ಹಾಗೆ ಸದ್ದು ಮಾಡುತ್ತದೆ, ಕೆಟ್ಟದ್ದು ಧೊಪ್ ಅನ್ನುತ್ತದೆ. ನಾಲ್ಕು ಡೈವ್ ನೋಡುವಷ್ಟರಲ್ಲಿ ಮಕ್ಕಳೇ ಅಂಕ ಹೇಳುವುದಕ್ಕೆ ಶುರು ಮಾಡುತ್ತಾರೆ.

ಈಜಲು ಹೋಗುವವರು ತಿಳಿದಿರಬೇಕಾದದ್ದು: ಇದು ಸ್ಪರ್ಧೆಗೆ ಅಂತ ಕಟ್ಟಿದ ಕೊಳ. ತಂಡದ ಅಭ್ಯಾಸ, ಮೀಟ್ ಇದ್ದ ಹೊತ್ತಿನಲ್ಲಿ ಲೇನ್ ಸಿಗುವುದಿಲ್ಲ, ವೇಳಾಪಟ್ಟಿ ನೋಡಿಕೊಂಡೇ ಹೊರಡಿ. ನೀರಿಗೆ ಈಗಷ್ಟೇ ಇಳಿಯುತ್ತಿರುವ ಮಕ್ಕಳಿಗೆ ಮೊದಲ ಪಾಠ ಬೇರೆ ಕಡೆ, ಕಾಲು ನೆಲಕ್ಕೆ ಸಿಗುವ ಕೊಳದಲ್ಲಿ ಆಗಲಿ. ಅವರನ್ನು ಇಲ್ಲಿಗೆ ಕರೆತಂದರೆ ಗ್ಯಾಲರಿಯಲ್ಲಿ ಕೂರಿಸಿ, ಒಬ್ಬನೇ ಒಬ್ಬ ಈಜುಗಾರನನ್ನು ಆರಿಸಿಕೊಂಡು ಅವನ ಕೈ ಕಾಲು ಮಾತ್ರ ನೋಡಲು ಹೇಳಿ.