ಹಳೆಯ ಆಲ್‌-ವೀಲ್‌-ಡ್ರೈವ್ ಕಾರು, ದೀರ್ಘ ಬಳಕೆಯ ವಿಮರ್ಶೆ: ಬಂದು ಹೋಗುವ ಆ ದೀಪ

ಎಂಜಿನ್, ಮೈಲೇಜ್, ಸೀಟು, ಡಿಕ್ಕಿ, ಇವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಹತ್ತು ವರ್ಷ ದಾಟಿದ ಆಲ್‌-ವೀಲ್‌-ಡ್ರೈವ್ ಕಾರು ಇಟ್ಟುಕೊಂಡವರ ತಲೆ ತಿನ್ನೋದು ಬೇರೆಯೇ. ಎಡಬ್ಲ್ಯೂಡಿ (ಆಲ್‌-ವೀಲ್‌-ಡ್ರೈವ್) ಎಚ್ಚರಿಕೆ ದೀಪ ಹತ್ತುತ್ತೆ, ಗಾಡಿ ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಮಾಯ. ಮೆಕ್ಯಾನಿಕ್ ಹತ್ತಿರ ಒಯ್ದ ದಿನ ಹತ್ತಲ್ಲ. ಆಗ ಎರಡೇ ಉತ್ತರ ಸಿಗೋದು: ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಅಳಿಸಿ ಕಳಿಸುವುದು, ಇಲ್ಲವೇ ಹಿಂದಿನ ಚಕ್ರಗಳಿಗೆ ಎಂಜಿನ್ ಬಲ ಜೋಡಿಸುವ ‘ಕಪ್ಲಿಂಗ್ ಪೂರ್ತಿ ಬದಲಿಸಿ’ ಅನ್ನುವುದು. ಮೊದಲನೆಯದು ಇರುವ ಸಾಕ್ಷಿಯನ್ನೂ ಕಳೆಯುತ್ತೆ, ಎರಡನೆಯದು ಕಾರಿನ ಅರ್ಧ ಬೆಲೆಯನ್ನು ಅಂದಾಜಿನ ಮೇಲೆ ಸುರಿಸುತ್ತೆ. ದೀಪ ಹತ್ತಿದಾಗ ಕೋಡ್ ಜೊತೆಗೇ ಆ ಕ್ಷಣದ ವೇಗ, ವೋಲ್ಟೇಜ್, ಉಷ್ಣತೆ ಮಾಡ್ಯೂಲ್‌ನಲ್ಲಿ (ಈ ವ್ಯವಸ್ಥೆಯನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಸಾಮಾನ್ಯವಾಗಿ ದಾಖಲಾಗಿರುತ್ತೆ. ಅದನ್ನು ಬರೆದಿಟ್ಟುಕೊಳ್ಳುವ ತನಕ ಯಾರಿಗೂ ಅಳಿಸಲು ಬಿಡಬೇಡಿ.

ನಾನು ಹೇಳುತ್ತಿರೋದು ಮುಂದಿನ ಚಕ್ರಗಳೇ ಮುಖ್ಯವಾಗಿ ಎಳೆಯುವ, ಬೇಕಾದಾಗ ಮಾತ್ರ ಹಿಂದಿನವು ಸೇರಿಕೊಳ್ಳುವ ಗಾಡಿಗಳ ಬಗ್ಗೆ. ಹಿಂದಿನ ಡಿಫರೆನ್ಷಿಯಲ್‌ಗೆ (ಎಡ-ಬಲ ಚಕ್ರಗಳಿಗೆ ಬಲ ಹಂಚುವ ಗೇರ್ ಪೆಟ್ಟಿಗೆ) ಅಂಟಿಕೊಂಡಂತೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಪ್ಲೇಟುಗಳ ಒಂದು ಕಟ್ಟು ಇರುತ್ತೆ, ಕಪ್ಲಿಂಗ್ ಅನ್ನೋದು ಇದನ್ನೇ, ಪಂಪಿನ ಒತ್ತಡ ಅದನ್ನು ಬಿಗಿ ಮಾಡುತ್ತೆ. 1998ರಲ್ಲಿ ಆಡಿ ಟಿಟಿಯಲ್ಲಿ ಬಂದ ಹಾಲ್ಡೆಕ್ಸ್ ಕಂಪನಿಯ ಕಪ್ಲಿಂಗ್‌ನ ಮೊದಲ ತಲೆಮಾರಿನಲ್ಲಿ ಮುಂದಿನ-ಹಿಂದಿನ ಚಕ್ರಗಳ ವೇಗದ ವ್ಯತ್ಯಾಸವೇ ಆ ಒತ್ತಡ ಹುಟ್ಟಿಸುತ್ತಿತ್ತು. ನಾಲ್ಕನೇ ತಲೆಮಾರಿನಿಂದ ಆ ಕೆಲಸ ಎಲೆಕ್ಟ್ರಿಕ್ ಪಂಪಿನದು. ಮುಂದೆ ಬರೆದಿರೋದು ಎಲೆಕ್ಟ್ರಿಕ್ ಪಂಪ್ ಇರುವ ವ್ಯವಸ್ಥೆಗೆ ಅನ್ವಯಿಸುತ್ತೆ.

ಒಂದು ಬೋಲ್ಟೂ ಬಿಚ್ಚುವ ಮುಂಚೆ ತಿಳಿಯಬೇಕಾದ್ದು ಇಷ್ಟೇ: ಮಾಡ್ಯೂಲ್ ಕೇಳಿದ್ದು ಎಷ್ಟು, ಚಕ್ರಕ್ಕೆ ಸಿಕ್ಕಿದ್ದು ಎಷ್ಟು. ಇದಕ್ಕೆ ಎಂಜಿನ್ ಕೋಡ್ ಮಾತ್ರ ಓದುವ ಅಗ್ಗದ ರೀಡರ್ ಸಾಲದು. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮತ್ತು ಎಡಬ್ಲ್ಯೂಡಿ ಮಾಡ್ಯೂಲ್‌ಗಳನ್ನೂ ಓದುವ, ಲೈವ್ ಡೇಟಾ ದಾಖಲಿಸುವ ಸ್ಕ್ಯಾನರ್ ಬೇಕು. ನಾಲ್ಕೂ ಚಕ್ರಗಳ ವೇಗ, ಕ್ಲಚ್‌ಗೆ ಹೋಗುವ ಆದೇಶ, ಮಾಡ್ಯೂಲ್‌ಗೆ ಸಿಗುವ ವೋಲ್ಟೇಜ್, ಬ್ರೇಕ್ ಸ್ವಿಚ್, ಸ್ಟೇರಿಂಗ್ ಕೋನ, ಈ ಐದನ್ನು ಆರಿಸಿಕೊಂಡು ಖಾಲಿ ಜಲ್ಲಿ ನೆಲದಲ್ಲಿ ನೇರವಾಗಿ ಹೊರಡಿ, ಪಕ್ಕದಲ್ಲಿ ಕೂತವರು ಪರದೆ ನೋಡಲಿ. ಆದೇಶ ಏರುತ್ತಿದ್ದರೂ ಮುಂದಿನ ಚಕ್ರಗಳೇ ಜಾರುತ್ತಿದ್ದರೆ ತೊಂದರೆ ಎಣ್ಣೆ, ಪಂಪ್ ಅಥವಾ ಪ್ಲೇಟಿನಲ್ಲಿ. ಚಕ್ರ ಜಾರುತ್ತಿದ್ದರೂ ಆದೇಶ ಸೊನ್ನೆಯಲ್ಲೇ ಇದ್ದರೆ ಮಾಡ್ಯೂಲ್‌ಗೆ ಯಾವುದೋ ಸೆನ್ಸರ್ ತಪ್ಪು ಸುದ್ದಿ ಕೊಡುತ್ತಿದೆ. ಎಲ್ಲ ಅಂಕಿಗಳೂ ಒಟ್ಟಿಗೆ ಮಾಯವಾದರೆ ಕರೆಂಟು, ಅರ್ಥಿಂಗ್ ಅಥವಾ ಕನೆಕ್ಟರ್. ಈ ಮೂರರಲ್ಲಿ ಯಾವುದೆಂದು ಗೊತ್ತಾದ ಮೇಲೆ ಪಾರ್ಟ್ಸ್ ಅಂಗಡಿಯ ಮಾತು.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡೋದು ಟೈರು. ಒಂದು ಟೈರ್ ಹಾಳಾಯಿತು ಅಂತ ಎರಡನ್ನು ಮಾತ್ರ ಹೊಸದು ಹಾಕಿಸುವುದು ಬೇರೆ ಕಾರುಗಳಲ್ಲಿ ನಡೆಯುತ್ತೆ, ಇಲ್ಲಿ ನಡೆಯಲ್ಲ. 215/60 ಆರ್17 ಟೈರಿನ ಸುತ್ತಳತೆ ಸುಮಾರು 2.17 ಮೀಟರ್. ಟ್ರೆಡ್ 2 ಮಿಲಿಮೀಟರ್ ಸವೆದರೆ ಸುತ್ತಳತೆ 12.5 ಮಿಲಿಮೀಟರ್ ಕಡಿಮೆಯಾಗುತ್ತೆ. ಅಂದರೆ ಪ್ರತಿ ಕಿಲೋಮೀಟರಿಗೆ ಮುಂದಿನ-ಹಿಂದಿನ ಚಕ್ರಗಳ ಲೆಕ್ಕ ಸುಮಾರು ಆರು ಮೀಟರ್ ತಪ್ಪುತ್ತೆ. ಕ್ಲಚ್ ಬಿಗಿಯಾಗಿದ್ದಾಗಲೆಲ್ಲ ಆ ಆರು ಮೀಟರನ್ನು ಪ್ಲೇಟುಗಳು ಉಜ್ಜಿಕೊಂಡೇ ತೀರಿಸಬೇಕು. ಎಣ್ಣೆ ಕಾಯುತ್ತೆ, ಮಾಡ್ಯೂಲ್ ಕ್ಲಚ್ ಬಿಡಿಸಿ ದೀಪ ಹತ್ತಿಸುತ್ತೆ. ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ ಓಡಿದ ಮೇಲೆ ಬಂದು, ನಿಲ್ಲಿಸಿ ಚಹಾ ಕುಡಿಯುವಷ್ಟರಲ್ಲಿ ಹೋಗುವ ದೀಪಕ್ಕೆ ಬಹಳ ಸಲ ಕಾರಣ ಇದೇ.

ಇದನ್ನು ನೋಡಲು ಸೀಮೆಸುಣ್ಣ ಸಾಕು. ನಾಲ್ಕೂ ಟೈರಿಗೆ ಗಾಳಿ ಸಮ ಮಾಡಿ, ಪ್ರತಿ ಟೈರಿನ ಬದಿಯಲ್ಲಿ ನೆಲ ಮುಟ್ಟುವ ಜಾಗಕ್ಕೆ ಗೆರೆ ಎಳೆಯಿರಿ. ಎಂಜಿನ್ ಆಫ್, ಗೇರ್ ನ್ಯೂಟ್ರಲ್. ಸಮತಟ್ಟು ನೆಲದಲ್ಲಿ ನೇರವಾಗಿ ತಳ್ಳಿ. ಮುಂದಿನ ಚಕ್ರ ಸರಿಯಾಗಿ ಹತ್ತು ಸುತ್ತು ಮುಗಿಸಿದಾಗ ಹಿಂದಿನ ಚಕ್ರದ ಗೆರೆ ಎಲ್ಲಿದೆ ನೋಡಿ. ಅದೂ ನೆಲ ಮುಟ್ಟಿದ್ದರೆ ಸರಿ. ಗೆರೆಯಿಂದ ನೆಲದವರೆಗೆ ಟೈರಿನ ಮೇಲೆ 12 ಸೆಂಟಿಮೀಟರ್ ಅಂತರ ಬಂದರೆ ಮೇಲೆ ಹೇಳಿದ 2 ಮಿಲಿಮೀಟರ್ ಸವೆತ ಅದೇ. ಟ್ರೆಡ್ ಗೇಜ್ ತೋರಿಸದ ವ್ಯತ್ಯಾಸವನ್ನೂ, ಒಂದೇ ಸೈಜಿನ ಎರಡು ಬ್ರ್ಯಾಂಡ್‌ಗಳ ನಡುವಿನದನ್ನೂ ಈ ಗೆರೆ ಹಿಡಿದುಕೊಡುತ್ತೆ. ನನ್ನ ಮಟ್ಟಿಗೆ ಇಡೀ ತಪಾಸಣೆಯಲ್ಲಿ ಅತ್ಯಂತ ಖುಷಿ ಕೊಡುವ ಹದಿನೈದು ನಿಮಿಷ ಇದು.

ಆದೇಶವೇ ಸೊನ್ನೆಯಾಗಿದ್ದರೆ ದಾರಿ ಬೇರೆ. ಬ್ರೇಕ್ ಪೆಡಲ್ ಮುಟ್ಟದಿದ್ದರೂ ಪರದೆಯಲ್ಲಿ ‘ಬ್ರೇಕ್ ಆನ್’ ಅಂತ ಮಿಣುಕಿದರೆ ಪೆಡಲ್ ಮೇಲಿನ ಸ್ವಿಚ್ ಸವೆದಿದೆ. ಬ್ರೇಕ್ ಹಾಕಿದಾಗ ಹಿಂದಿನ ಕ್ಲಚ್ ಬಿಡಿಸುವ ವ್ಯವಸ್ಥೆಗಳಿವೆ, ಅವುಗಳಲ್ಲಿ ಈ ಸಣ್ಣ ಸ್ವಿಚ್ಚೇ ಎಲ್ಲವನ್ನೂ ನಿಲ್ಲಿಸಬಲ್ಲದು. ನೇರ ಓಡುವಾಗ ಸ್ಟೇರಿಂಗ್ ಕೋನ ಸೊನ್ನೆಯ ಹತ್ತಿರ ಇಲ್ಲದಿದ್ದರೆ, ವೀಲ್ ಅಲೈನ್‌ಮೆಂಟ್ ಆದ ಮೇಲೆ ಸೆನ್ಸರ್ ಕ್ಯಾಲಿಬ್ರೇಟ್ ಮಾಡದೆ ಬಿಟ್ಟಿರಬಹುದು. ಒಂದು ಚಕ್ರದ ವೇಗ ಮಾತ್ರ ನಿಧಾನದಲ್ಲಿ ಸೊನ್ನೆಗೆ ಬಿದ್ದು ಏಳುತ್ತಿದ್ದರೆ ಆ ಸೆನ್ಸರ್ ಅಥವಾ ಬೇರಿಂಗ್ ಜೊತೆಗಿನ ರಿಂಗ್ ನೋಡಿ. ಸಿ0035 ಕೋಡ್ ಮುಂದಿನ ಎಡ ಚಕ್ರದ ಸೆನ್ಸರಿನದು, ಯು0121 ಎಬಿಎಸ್ ಮಾಡ್ಯೂಲ್ ಜೊತೆ ಸಂಪರ್ಕ ಕಡಿದದ್ದು. ಇಂಥ ಕೋಡ್‌ಗಳನ್ನು ಎಬಿಎಸ್ ಸರಿಯಾದ ಮೇಲೆ ಮತ್ತೆ ನೋಡಬೇಕೇ ಹೊರತು ಅವುಗಳಿಗೋಸ್ಕರ ಕಪ್ಲಿಂಗ್ ಇಳಿಸಬಾರದು.

ಮಳೆಯಲ್ಲಿ, ನೀರಿನಲ್ಲಿ ತೊಳೆದ ಮರುದಿನ, ಉಬ್ಬುತಗ್ಗಿನಲ್ಲಿ ದೀಪ ಬಂದರೆ ಗಾಡಿ ಕೆಳಗೆ ಮಲಗಿ. ಕಪ್ಲಿಂಗ್ ಮೇಲಿನ ಕನೆಕ್ಟರ್ ಬಿಚ್ಚಿದರೆ ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಸಿಗಬಹುದು, ರಬ್ಬರ್ ಸೀಲ್ ಚಪ್ಪಟೆಯಾಗಿರಬಹುದು. ಪಿನ್ ಹಿಡಿತ ಸಡಿಲವಾಗಿದ್ದರೆ ಸ್ಪ್ರೇ ಹೊಡೆದು ಪ್ರಯೋಜನವಿಲ್ಲ, ಟರ್ಮಿನಲ್ ಬದಲಿಸಬೇಕು. ಅರ್ಥಿಂಗ್ ನೋಡುವಾಗ ಓಮ್‌ನಲ್ಲಿ ಅಳೆಯಬೇಡಿ. ತಂತಿಯ ಒಂದೇ ಎಳೆ ಉಳಿದಿದ್ದರೂ ಮೀಟರ್ ಸೊನ್ನೆ ತೋರಿಸುತ್ತೆ, ಪಂಪ್ ಓಡಿಸುವಷ್ಟು ಕರೆಂಟ್ ಅದರಲ್ಲಿ ಹರಿಯಲ್ಲ. ಸ್ಕ್ಯಾನರಿನಿಂದ ಪಂಪ್ ಓಡಿಸಿ, ಮಾಡ್ಯೂಲಿನ ಅರ್ಥ್ ಪಿನ್ನಿನಿಂದ ಬ್ಯಾಟರಿ ನೆಗೆಟಿವ್‌ಗೆ ವೋಲ್ಟ್ ಅಳೆಯಿರಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥ್ ತಂತಿ ಕಾರಿನ ಲೋಹದ ಮೈಗೆ ಕಚ್ಚಿದ ಜಾಗದ ತುಕ್ಕು ಉಜ್ಜಿ. ಬೆಳಗಿನ ಮೊದಲ ಸ್ಟಾರ್ಟಿಗೆ ಮಾತ್ರ ಬರುವ ದೀಪಕ್ಕೆ ಬ್ಯಾಟರಿಯನ್ನೇ ಮೊದಲು ಅನುಮಾನಿಸಿ. ನಿಂತಾಗ 12.6 ವೋಲ್ಟ್ ಇದ್ದು ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಅದೇ ಕಾರಣವಿರಬಹುದು.

ಇಷ್ಟು ದಾಖಲೆ ನೋಡಿದ ಮೇಲೆ ದೀಪದ ಮೇಲಿನ ಸಿಟ್ಟು ಇಳಿಯುತ್ತೆ. ಅನುಮಾನ ಬಂದ ತಕ್ಷಣ ಪ್ಲೇಟುಗಳನ್ನು ಬಿಡಿಸಿ, ನಿಮ್ಮನ್ನು ಮುಂದಿನ ಚಕ್ರಗಳ ಮೇಲೆ ಮನೆ ಸೇರಿಸುವ ವ್ಯವಸ್ಥೆ ಇದು. ದೀಪ ಹತ್ತಿದ್ದು ಕಾರಿನ ಒಳ್ಳೆಯದಕ್ಕೇ. ನಿಜವಾಗಿ ಹೆದರಬೇಕಾದ್ದು ಹತ್ತದ ದೀಪಕ್ಕೆ. ಹಾಲ್ಡೆಕ್ಸ್ ಐದನೇ ತಲೆಮಾರಿನಲ್ಲಿ ಬದಲಿಸುವ ಫಿಲ್ಟರ್ ಇಲ್ಲ, ಪಂಪಿನ ಬಾಯಲ್ಲಿ ಒಂದು ಸಣ್ಣ ಜಾಲರಿ ಮಾತ್ರ ಇದೆ. ಪ್ಲೇಟಿನ ಪುಡಿ ಅದರ ಮೇಲೆ ಕಪ್ಪು ಕೆಸರಾಗಿ ಕೂರುತ್ತೆ, ಒತ್ತಡ ಬೀಳುತ್ತೆ, ಕೋಡೂ ಬರದೆ ಕಾರು ಸದ್ದಿಲ್ಲದೆ ಮುಂದಿನ ಎರಡು ಚಕ್ರಗಳದ್ದಾಗುತ್ತೆ. ಎಣ್ಣೆ ಮಾತ್ರ ಬದಲಿಸಿ ಜಾಲರಿ ಮುಟ್ಟದ ಸರ್ವಿಸ್ ಅರ್ಧ ಸರ್ವಿಸ್ಸೇ.

ಈ ಕೆಲಸಕ್ಕೆ ಲೀಟರಿಗಿಂತ ಕಡಿಮೆ ಎಣ್ಣೆ ಸಾಕು, ಆದರೆ ಕಪ್ಲಿಂಗ್‌ಗೆ ಹೇಳಿದ್ದೇ ಆಗಬೇಕು. ಡಿಫರೆನ್ಷಿಯಲ್‌ನ ಗೇರ್ ಎಣ್ಣೆ ಹೊಯ್ದರೆ ಪ್ಲೇಟು ಹಾಳು. ಎರಡಕ್ಕೂ ಬೇರೆ ಬೇರೆ ಪ್ಲಗ್ ಇರುತ್ತೆ, ಪಕ್ಕಪಕ್ಕದಲ್ಲೇ ಇರುತ್ತೆ, ಬಿಚ್ಚುವ ಮುಂಚೆ ಚಿತ್ರದೊಂದಿಗೆ ಹೋಲಿಸಿ ನೋಡಿ. ತುಂಬುವ ಪ್ಲಗ್ ಬಿಚ್ಚುತ್ತೆ ಅಂತ ಖಾತ್ರಿಯಾದ ಮೇಲೇ ಸೋರಿಸುವ ಪ್ಲಗ್ ತೆಗೆಯಿರಿ. ಬಂದ ಎಣ್ಣೆಯನ್ನು ಅಳತೆಯ ಲೋಟದಲ್ಲಿ ಹಿಡಿಯಿರಿ, ಕಡಿಮೆಯಿದ್ದರೆ ಸೋರಿಕೆ ಹುಡುಕಿ. ತೆಳು ಕಪ್ಪು ಸಹಜ, ಬೆರಳಿಗೆ ಚುಚ್ಚುವ ಲೋಹದ ಚೂರು ಸಹಜವಲ್ಲ. ಪಂಪ್ ಬಿಚ್ಚಿ ಜಾಲರಿಯನ್ನು ಬ್ರೇಕ್ ಕ್ಲೀನರಿನಲ್ಲಿ ತೊಳೆದು, ಹೊಸ ಓ-ರಿಂಗ್ ಹಾಕಿ ಕೂರಿಸಿ. ಕೈಪಿಡಿಯಲ್ಲಿ ‘ಜೀವಮಾನವಿಡೀ ಬದಲಿಸಬೇಕಿಲ್ಲ’ ಅಂತಿದ್ದರೆ ನಂಬಬೇಡಿ. ಈ ಒಂದು ಸಾಲೇ ಎಷ್ಟೋ ಒಳ್ಳೆಯ ಕಪ್ಲಿಂಗ್‌ಗಳನ್ನು ಗುಜರಿಗೆ ಕಳಿಸಿದೆ, ಅದರ ಬಗ್ಗೆ ನನಗೆ ನಿಜವಾದ ಕೋಪವಿದೆ.

ಸುಬಾರುವಿನ ಹಳೆಯ ನಾಲ್ಕು ಗೇರಿನ ಆಟೋಮ್ಯಾಟಿಕ್‌ಗಳ ವಿನ್ಯಾಸ ಬೇರೆ, ಕ್ಲಚ್ ಗೇರ್‌ಬಾಕ್ಸ್ ಒಳಗೇ ಇದೆ. ಆದರೆ ಅಲ್ಲಿನ ಒಂದು ಸೌಕರ್ಯ ಎಲ್ಲ ತಯಾರಕರೂ ಕೊಡಬೇಕಿತ್ತು. ಬಾನೆಟ್ ಕೆಳಗೆ ‘ಎಫ್‌ಡಬ್ಲ್ಯೂಡಿ’ (ಮುಂದಿನ ಚಕ್ರಗಳು ಮಾತ್ರ ಎಳೆಯುವುದು) ಎಂಬ ಖಾಲಿ ಜಾಗಕ್ಕೆ ಫ್ಯೂಸ್ ಹಾಕಿದರೆ ಹಿಂದಿನ ಕ್ಲಚ್ ಬಿಟ್ಟುಕೊಳ್ಳುತ್ತೆ. ಪೂರ್ತಿ ತಿರುವಿನಲ್ಲಿ ಗಾಡಿ ಕುಪ್ಪಳಿಸುವುದು ಫ್ಯೂಸ್ ಹಾಕಿದ ಮೇಲೆ ನಿಂತರೆ ಕ್ಲಚ್ ಬಿಡಬಲ್ಲದು ಅಂತ ಅರ್ಥ. ನಿಲ್ಲದಿದ್ದರೆ ಕ್ಲಚ್‌ನ ಒತ್ತಡ ನಿಯಂತ್ರಿಸುವ ವಿದ್ಯುತ್ ಕವಾಟ (ಸೊಲೆನಾಯ್ಡ್) ಕೆಟ್ಟಿದೆ ಅಥವಾ ಪ್ಲೇಟು ಸಿಕ್ಕಿಹಾಕಿಕೊಂಡಿದೆ.

ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಕಿಟಕಿ ಇಳಿಸಿ, ನಿಧಾನವಾಗಿ ಎರಡೂ ಕಡೆ ಒಂದೊಂದು ಸುತ್ತು ಹಾಕುವ ರೂಢಿ ಇಟ್ಟುಕೊಳ್ಳಿ. ಎಣ್ಣೆ ಹಳತಾದಾಗ ದೀಪಕ್ಕಿಂತ ಮುಂಚೆ ಹಿಂದಿನಿಂದ ಗುರ್ರೆನ್ನುವ ನಡುಕ ಅಲ್ಲೇ ಸಿಗುತ್ತೆ. ನಾಲ್ಕು ಟೈರನ್ನೂ ಒಟ್ಟಿಗೆ ಬದಲಿಸಲು, 8–10 ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನದು ಹಿಂದಕ್ಕೆ ಹಾಕಿಸಲು ಬಜೆಟ್ ಇಲ್ಲದವರು ಇದೇ ಕಾರಿನ ಎರಡು ಚಕ್ರ ಎಳೆಯುವ ಮಾದರಿ ಕೊಳ್ಳಲಿ. ಕೆಸರು, ಹಿಮ, ಏರುದಾರಿ ದಿನನಿತ್ಯ ಇರುವವರಿಗೆ ಮಾತ್ರ ಈ ಖರ್ಚು ದಕ್ಕುತ್ತೆ, ಅವರಿಗೆ ಕಣ್ಣು ಮುಚ್ಚಿ ಕೊಳ್ಳಿ ಅನ್ನುತ್ತೇನೆ. ಕೆಟ್ಟು ನಿಂತರೆ ಎರಡು ಚಕ್ರ ಎತ್ತಿ ಎಳೆಸಬೇಡಿ, ನಾಲ್ಕೂ ಚಕ್ರ ಮೇಲಿರುವ ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕರೆಸಿ.