ಕಣ್ಣಿಗೆ ಬಟ್ಟೆ ಕಟ್ಟಿದರೂ ತೂಕಡಿಕೆ ಕಂಡುಹಿಡಿಯುವ ಕ್ಯಾಮೆರಾ: ನನ್ನ ಹಾಗೆ ಮೋಸಹೋಗಬೇಡಿ

ಮೊದಲೇ ಹೇಳಿಬಿಡುತ್ತೇನೆ, ಅರ್ಧ ತಪ್ಪು ನನ್ನದೇ. ಇಪ್ಪತ್ತು ವರ್ಷದಿಂದ ಕಾರು ಓಡಿಸುತ್ತಿರುವವನು, ನಾಲ್ಕು ಜನರಿಗೆ ಬುದ್ಧಿ ಹೇಳುವವನು, ‘ಎಐ’ ಎಂಬ ಎರಡಕ್ಷರಕ್ಕೆ ಮರುಳಾದೆ. ಬರೆಯಲು ನಾಚಿಕೆಯಾಗುತ್ತಿದೆ. ಆದರೆ ನಾನು ಕೊಂಡ ಅದೇ ಕ್ಯಾಮೆರಾ ಡಬ್ಬಿಯನ್ನು ಮಾರಾಟಗಾರರು ಇವತ್ತಿಗೂ ಮಾರುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೊಂಡದ್ದು ಎರಡು ಕಣ್ಣಿನ ಡ್ಯಾಶ್‌ಕ್ಯಾಮ್, ಎಂದರೆ ಕಾರಿನ ಮುಂಗಾಜಿಗೆ ಅಂಟಿಸುವ ಕ್ಯಾಮೆರಾ. ಒಂದು ಕಣ್ಣು ರಸ್ತೆಗೆ, ಇನ್ನೊಂದು ಚಾಲಕನ ಮುಖಕ್ಕೆ. ಮುಂದಿನ ವಾಹನ ತೀರಾ ಹತ್ತಿರವಾದರೆ ಕೂಗುತ್ತದೆ, ರಸ್ತೆಯ ಗೆರೆ ದಾಟಿದರೆ ಕೂಗುತ್ತದೆ, ಚಾಲಕ ತೂಕಡಿಸಿದರೆ ಎಬ್ಬಿಸುತ್ತದೆ ಎಂದಿದ್ದರು. ಈ ಕೊನೆಯದಕ್ಕಾಗಿಯೇ ಕೊಂಡೆ. ಹಿಂದೊಮ್ಮೆ ರಾತ್ರಿ ಪ್ರಯಾಣದಲ್ಲಿ ರೆಪ್ಪೆ ಮುಚ್ಚಿಹೋಗಿ, ಚಕ್ರ ರಸ್ತೆಯಂಚಿನ ಜಲ್ಲಿಗೆ ಇಳಿದ ಸದ್ದಿಗೆ ಎಚ್ಚರವಾದವನು ನಾನು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದೇ ಸೆಕೆಂಡಿಗೆ ಕಾರು 22 ಮೀಟರ್ ಮುಂದೆ ಹೋಗಿರುತ್ತದೆ. ಆ ಭಯ ಹೊಟ್ಟೆಯೊಳಗಿರುವವನಿಗೆ ಇಂಥದ್ದನ್ನು ಮಾರುವುದು ಬಹಳ ಸುಲಭ.

‘ಯುರೋಪಿನಲ್ಲಿ ಕಾನೂನೇ ಕಡ್ಡಾಯ ಮಾಡಿರುವ ತಂತ್ರಜ್ಞಾನ’ ಎಂದು ಡಬ್ಬಿಯ ಮೇಲೆ ಅಚ್ಚುಹಾಕಿದ್ದರು. ಕಾನೂನಿನ ಮಾತು ಸುಳ್ಳಲ್ಲ. ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈನಿಂದ ಹೊಸ ಕಾರುಗಳಿಗೆಲ್ಲ ತೂಕಡಿಕೆಯ ಎಚ್ಚರಿಕೆ ನೀಡುವ ವ್ಯವಸ್ಥೆ ಇರಲೇಬೇಕು. ಆದರೆ ಅದು ಕಾರು ತಯಾರಕರು ಪರೀಕ್ಷೆಗೊಡ್ಡಿ ಅನುಮೋದನೆ ಪಡೆಯಬೇಕಾದ ವ್ಯವಸ್ಥೆ. ಗಾಜಿಗೆ ಅಂಟಿಸುವ ಈ ಡಬ್ಬಿಗೂ ಅದಕ್ಕೂ ಏನು ಸಂಬಂಧ? ಈ ಪ್ರಶ್ನೆ ನನಗೆ ಹೊಳೆದದ್ದು ಹಣ ಹೋದ ಮೇಲೆ.

ಮೊದಲ ದೂರಪ್ರಯಾಣದಲ್ಲೇ ಹೆಣ್ಣುದನಿಯೊಂದು ಮೃದುವಾಗಿ ಹೇಳಿತು: “ನೀವು ದಣಿದಿದ್ದೀರಿ. ದಯವಿಟ್ಟು ವಿಶ್ರಾಂತಿ ಪಡೆಯಿರಿ.” ನಿಜವಾಗಿಯೂ ಸ್ವಲ್ಪ ದಣಿದಿದ್ದೆ. ಪಕ್ಕದಲ್ಲಿದ್ದ ಭಾವಮೈದುನನಿಗೆ “ನೋಡಿದೆಯಾ, ನನ್ನ ಮುಖ ನೋಡಿಯೇ ಹೇಳಿತು” ಎಂದೆ. ಕಾರು ನಿಲ್ಲಿಸಿ ಹತ್ತು ನಿಮಿಷ ಮಲಗಿಯೂ ಮಲಗಿದೆ! ಮನೆಗೆ ಬಂದವನೇ ಐದು ನಕ್ಷತ್ರ ಕೊಟ್ಟು, ‘ಜೀವ ಉಳಿಸುವ ಸಾಧನ’ ಎಂದು ವಿಮರ್ಶೆ ಬರೆದೆ. ಹೌದು, ನಾನೇ ಬರೆದೆ.

ಆದರೂ ಮನಸ್ಸಿನಲ್ಲಿ ಒಂದು ಸಣ್ಣ ಅನುಮಾನ. ನಿಲ್ಲಿಸಿದ ಕಾರಿನಲ್ಲಿ ಕುಳಿತು, ಎಂಜಿನ್ ಚಾಲೂ ಇಟ್ಟು, ಬೇಕೆಂದೇ ಕಣ್ಣು ಮುಚ್ಚಿದೆ. ಒಂದು ನಿಮಿಷ, ಎರಡು ನಿಮಿಷ. ಡಬ್ಬಿ ತುಟಿ ಬಿಚ್ಚಲಿಲ್ಲ. ಮಾರಾಟಗಾರರಿಗೆ ಕರೆ ಮಾಡಿದೆ. “ಸರ್, ಎಐ ನಿಮ್ಮ ಮುಖವನ್ನು ಕಲಿಯಬೇಕು. ಮೂವತ್ತು ದಿನ ಬೇಕಾಗುತ್ತದೆ” ಎಂದರು. ಮಗು ಮಾತು ಕಲಿಯುವುದನ್ನು ಕಾಯುವವನ ಹಾಗೆ ಕಾದೆ. ವಾಪಸು ಕೊಡಲು ಇದ್ದ ಅವಧಿ ಹತ್ತೇ ದಿನ ಎಂಬುದನ್ನು ಗಮನಿಸಿ. ನಾನು ಗಮನಿಸಲಿಲ್ಲ.

ಗುಟ್ಟು ಹೊರಗೆಳೆದದ್ದು ಮಗಳು. ಹಿಂದಿನ ಸೀಟಿನಿಂದ, “ಅಪ್ಪಾ, ಅದು ಯಾವಾಗಲೂ ನಾವು ಹೊರಟು ಸರಿಯಾಗಿ ಎರಡು ಗಂಟೆಯಾದಾಗಲೇ ಹೇಳುತ್ತದೆ” ಎಂದಳು. “ಸುಮ್ಮನಿರು, ಅದು ನನ್ನ ಕಣ್ಣು ನೋಡಿ ಹೇಳುತ್ತದೆ” ಎಂದು ಗದರಿದೆ. ಆದರೆ ಮುಂದಿನ ಸಲ ಹೊರಡುವ ಮೊದಲು ಒಳಗಿನ ಲೆನ್ಸಿಗೆ ಕಪ್ಪು ಬಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿದೆ. ಈಗ ಅದು ಕುರುಡು. ಗಡಿಯಾರ ನೋಡುತ್ತಾ ಹೋದೆವು. ಹೊರಟು ಎರಡು ಗಂಟೆಯಾಯಿತು. ಅದೇ ದನಿ, ಅದೇ ವಿನಯ: “ನೀವು ದಣಿದಿದ್ದೀರಿ.” ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಮಗಳು ನಕ್ಕಳು. ನನ್ನ ಕಿವಿ ಬಿಸಿಯಾಯಿತು.

ಅಷ್ಟಕ್ಕೂ ಸಮಾಧಾನವಾಗದೆ ಅದನ್ನು ಮನೆಯೊಳಗೆ ತಂದು, ಪವರ್ ಬ್ಯಾಂಕಿಗೆ ಜೋಡಿಸಿ, ಗೋಡೆಗೆ ಮುಖಮಾಡಿ ಮೇಜಿನ ಮೇಲಿಟ್ಟೆ. ಎರಡು ಗಂಟೆಯ ನಂತರ ಅದು ಗೋಡೆಗೆ ವಿಶ್ರಾಂತಿ ಪಡೆಯಲು ಹೇಳಿತು. ಗೋಡೆಗೆ! ನಾನು ಹಣ ತೆತ್ತದ್ದು ಒಂದು ಅಲಾರಂ ಗಡಿಯಾರಕ್ಕೆ.

ಎರಡು ಗಂಟೆಗೊಮ್ಮೆ ವಿಶ್ರಾಂತಿ ನೆನಪಿಸುವುದು ತಪ್ಪಲ್ಲ, ಅದನ್ನು ಜ್ಞಾಪನೆ ಎಂದೇ ಕರೆಯಲಿ. ನಿಜವಾಗಿ ಮುಖ ಗಮನಿಸುವ ಕ್ಯಾಮೆರಾ, ರೆಪ್ಪೆ ಪಾಪೆಯನ್ನು ಎಷ್ಟು ಹೊತ್ತು ಮುಚ್ಚಿತ್ತು ಎಂಬುದನ್ನು ಲೆಕ್ಕ ಹಾಕುತ್ತದೆ. ಕತ್ತಲಲ್ಲೂ ಕಾಣಲೆಂದು ಅತಿಗೆಂಪು ದೀಪವಿರುತ್ತದೆ, ಸಾಮಾನ್ಯವಾಗಿ 940 ನ್ಯಾನೋಮೀಟರಿನದು, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಟಿವಿ ರಿಮೋಟಿನ ಬೆಳಕನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡುವ ಹಾಗೆ ಕತ್ತಲೆ ಕೋಣೆಯಲ್ಲಿ ನೋಡಿದೆ. ರಿಮೋಟು ಮಿನುಗಿತು, ನನ್ನ ಡಬ್ಬಿಯಲ್ಲಿ ಏನೂ ಮಿನುಗಲಿಲ್ಲ. ಎಂದರೆ, ತೂಕಡಿಕೆ ಹೆಚ್ಚಾಗಿ ಬರುವ ರಾತ್ರಿ ಹೊತ್ತಿನಲ್ಲೇ ಅದಕ್ಕೆ ನನ್ನ ಮುಖ ಕಾಣುತ್ತಿರಲಿಲ್ಲ.

ಇನ್ನು ಅವರ ಉತ್ತರಗಳು. ಬಟ್ಟೆಯ ವಿಷಯ ಹೇಳಿದಾಗ: “ಲೆನ್ಸ್ ಮುಚ್ಚಿದರೆ ವಾರಂಟಿ ರದ್ದಾಗುತ್ತದೆ ಸರ್.” ಗೋಡೆಯ ವಿಡಿಯೊ ಕಳಿಸಿದಾಗ: “ಗೋಡೆಯ ಮೇಲೆ ಮುಖದ ಹಾಗೆ ಏನಾದರೂ ಕಾಣಿಸಿರಬಹುದು ಸರ್.” ಹಣ ವಾಪಸು ಕೇಳಿದಾಗ: “ಹತ್ತು ದಿನ ಮುಗಿದಿದೆ ಸರ್.” ಮೂವತ್ತು ದಿನ ಕಾಯಿರಿ ಎಂದವರು ನೀವೇ ಅಲ್ಲವೇ ಎಂದರೆ: “ಅದು ಕಲಿಕೆಯ ಅವಧಿ, ಇದು ವಾಪಸಾತಿಯ ಅವಧಿ. ಎರಡೂ ಬೇರೆ ಬೇರೆ ಸರ್.” ನಾನು ದನಿ ಏರಿಸಿದಾಗ ಒಬ್ಬ ಶಾಂತವಾಗಿ ಕೇಳಿದ: “ವಿಶ್ರಾಂತಿ ಪಡೆಯಿರಿ ಎಂದದ್ದು ನಿಮ್ಮ ಒಳ್ಳೆಯದಕ್ಕೇ ಅಲ್ಲವೇ ಸರ್?” ಇದಕ್ಕೆ ಏನು ಹೇಳುತ್ತೀರಿ? ಕೊನೆಗೆ, ತಿಂಗಳ ಚಂದಾ ಕಟ್ಟಿದರೆ ‘ನಿಜವಾದ ಎಐ’ ಸಿಗುತ್ತದೆ ಎಂದರು. ಹಾಗಾದರೆ ಈವರೆಗೆ ಇದ್ದದ್ದು?

ರಸ್ತೆಯ ಕಡೆಯ ಕಣ್ಣೂ ಅಷ್ಟಕ್ಕಷ್ಟೇ. ಒಂದೇ ಲೆನ್ಸಿನಿಂದ ದೂರ ಅಳೆಯಬೇಕಾದರೆ ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ, ದಿಗಂತದ ಗೆರೆ ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿರಬೇಕು. ಇದು ಏನನ್ನೂ ಕೇಳಲೇ ಇಲ್ಲ. ತಿರುವಿನಲ್ಲಿ ನಿಂತ ಕಾರುಗಳಿಗೆಲ್ಲ ಕಿರುಚಿತು, ಎದುರು ನುಗ್ಗಿದ ಬೈಕಿಗೆ ಸುಮ್ಮನಿತ್ತು.

ಮೈಕು ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಮೊದಲ ದಿನದಿಂದಲೇ ಚಾಲೂ ಇದ್ದು, ಕಾರಿನೊಳಗಿನ ನಮ್ಮ ಮಾತು, ಜಗಳ ಎಲ್ಲವೂ ದೃಶ್ಯಸಮೇತ ಅವರ ಸರ್ವರ್ ಕಂಪ್ಯೂಟರಿಗೆ ಹೋಗಿದೆ. ದೊಡ್ಡ ಕಾರು ಕಂಪನಿಯೊಂದರ ನೌಕರರೇ ಗ್ರಾಹಕರ ಕಾರಿನ ಕ್ಯಾಮೆರಾ ದೃಶ್ಯಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡಿದ್ದರೆಂದು 2023ರಲ್ಲಿ ರಾಯಿಟರ್ಸ್ ವರದಿ ಮಾಡಿತ್ತು. ಓದಿ ಮರೆತಿದ್ದೆ. ನಮ್ಮದನ್ನು ಅಳಿಸಿ ಎಂದು ಡಬ್ಬಿ ಮಾರಿದವರಿಗೆ ಮೂರು ಪತ್ರ ಬರೆದಿದ್ದೇನೆ, ಉತ್ತರವಿಲ್ಲ.

ಕೊಳ್ಳಲೇಬೇಕೆಂದಿದ್ದರೆ ಮೊದಲ ದಿನವೇ ಬಟ್ಟೆ ಕಟ್ಟಿ ನೋಡಿ. ನಿಂತ ಕಾರಿನಲ್ಲಿ ಕಣ್ಣು ಮುಚ್ಚಿ ನೋಡಿ. ಕತ್ತಲೆಯಲ್ಲಿ ದೀಪ ಹುಡುಕಿ. ಮೈಕು ಆರಿಸಿ. ‘ಕಲಿಯುತ್ತದೆ, ಕಾಯಿರಿ’ ಎಂದರೆ ಆ ದಿನವೇ ವಾಪಸು ಕೊಟ್ಟುಬಿಡಿ.

ಡಬ್ಬಿ ಈಗ ಮೇಜಿನ ಖಾನೆಯಲ್ಲಿದೆ. ನನ್ನ ವಿಮರ್ಶೆಯನ್ನು ತಿದ್ದಿ ಒಂದು ನಕ್ಷತ್ರಕ್ಕೆ ಇಳಿಸಿದೆ. ‘ನಿಯಮಗಳಿಗೆ ಅನುಗುಣವಾಗಿಲ್ಲ’ ಎಂದು ತಿರಸ್ಕರಿಸಿದರು. ಹಳೆಯದು ಹಾಗೇ ಇದೆ, ಐದು ನಕ್ಷತ್ರ, ‘ಜೀವ ಉಳಿಸುವ ಸಾಧನ’. ಅದನ್ನು ಓದಿ ಯಾರಾದರೂ ಕೊಂಡಿದ್ದರೆ, ದಯವಿಟ್ಟು ಕ್ಷಮಿಸಿ.